ಡೂಪ್ಲಿಕೇಟ್ ಮೈಕ್ ಕೇಬಲ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ಪುತ್ತೂರು ಕಡೆ ನಮ್ಮದೊಂದು ಸಣ್ಣ ತಾಳಮದ್ದಳೆ ಬಳಗ ಇದೆ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮ ಕೂಟಗಳು ಜಾಸ್ತಿ. ದೇವಸ್ಥಾನದ ಸಭಾಭವನ, ಯಾರದಾದರೂ ಮನೆಯ ಚಾವಡಿ, ಶಾಲೆಯ ಹಾಲ್, ಹೀಗೆ. ಮೈಕು, ಮಿಕ್ಸರ್, ಎರಡು ಸ್ಪೀಕರ್ ನೋಡಿಕೊಳ್ಳುವ ಕೆಲಸ ನನ್ನದು.

2022ರಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಎಸ್‌.ಪಿ. ರೋಡಿನ ಒಂದು ಅಂಗಡಿಯಲ್ಲಿ 12 ಮೈಕ್ ಕೇಬಲ್ ತೆಗೆದುಕೊಂಡೆ. 6 ಮೀಟರ್ ಉದ್ದ, ಒಂದಕ್ಕೆ 180 ರೂಪಾಯಿ. ಎರಡೂ ತುದಿಯ, ಮೈಕಿಗೂ ಮಿಕ್ಸರಿಗೂ ಸಿಕ್ಕಿಸುವ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪಿನ್ನಿನ ಮೇಲೆ ನ್ಯೂಟ್ರಿಕ್ ಅಂತ ಅಚ್ಚು ಇತ್ತು. ನ್ಯೂಟ್ರಿಕ್ ಅಂದರೆ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶದ ಕಂಪನಿ, 1975ರಲ್ಲಿ ಶುರುವಾದದ್ದು. ವೇದಿಕೆಯ ಕೆಲಸ ಮಾಡುವವರೆಲ್ಲ ನಂಬುವ ಹೆಸರು. ಅವರ ಅಸಲಿ ಪಿನ್ ಒಂದು ಜೊತೆಗೇ 180 ರೂಪಾಯಿಗಿಂತ ಜಾಸ್ತಿ ಆಗುತ್ತದೆ. ಹಾಗಾಗಿ ಇದು ನಕಲಿ ಅಂತ ಕೊಳ್ಳುವಾಗಲೇ ಗೊತ್ತಿತ್ತು. ನಮ್ಮ ಬಳಗದ ಹುಂಡಿಯಲ್ಲಿ ಇದ್ದದ್ದೇ ಅಷ್ಟು. ಕೆಲಸ ನಡೆದರೆ ಸಾಕು ಅಂದುಕೊಂಡೆ.

ಮೊದಲ ಮೂರು ತಿಂಗಳು ಒಂದು ತೊಂದರೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ನಕಲಿ ಕೇಬಲ್ ಹಾಕಿದ ಕೂಡಲೇ ಧ್ವನಿ ಹಾಳಾಗುತ್ತದೆ ಅಂತ ಹೇಳುವವರು ತುಂಬಾ ಜನ ಇದ್ದಾರೆ. ಗೆಳೆಯನ ಹತ್ತಿರ ಒಳ್ಳೆಯ ಕೇಬಲ್ ಇತ್ತು. ಒಂದು ಸಂಜೆ ಒಂದೇ ಮೈಕಿಗೆ ಅದನ್ನೂ ಇದನ್ನೂ ಬದಲಿಸಿ ಬದಲಿಸಿ ಹಾಕಿದೆವು. ಯಾವುದು ಹಾಕಿದ್ದೇವೆ ಅಂತ ಹೇಳದೆ ಒಬ್ಬರಿಗೊಬ್ಬರು ಕೇಳಿಸಿದೆವು. ಇಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಗೊತ್ತಾಗದೇ ಇರುವುದಕ್ಕೆ ಕಾರಣ ಇದೆ. ಮಾಮೂಲಿ ಡೈನಮಿಕ್ ಮೈಕಿನ ಇಂಪಿಡೆನ್ಸ್, ಅಂದರೆ ಸಿಗ್ನಲಿಗೆ ಒಡ್ಡುವ ತಡೆ, 150ರಿಂದ 300 ಓಮ್‌ವರೆಗೆ ಇರುತ್ತದೆ. ಮಿಕ್ಸರಿನ ಕಡೆ ಸಾವಿರಾರು ಓಮ್. ನಡುವೆ ಇರುವ 6 ಮೀಟರ್ ತಂತಿ ಒಂದೆರಡು ಓಮ್ ಆಚೀಚೆ ಆದರೆ ಕಿವಿಗೆ ಏನೂ ತಿಳಿಯುವುದಿಲ್ಲ. ಅಂದರೆ ಮೈಕ್ ಕೇಬಲಿನಲ್ಲಿ ತಂತಿ ಕಳಪೆ ಅನ್ನುವ ಒಂದೇ ಕಾರಣಕ್ಕೆ ಸ್ವರ ಮಂದ ಆಗುವುದಿಲ್ಲ.

ತೊಂದರೆ ಶುರುವಾದದ್ದು ಆಗಸ್ಟ್‌ನಲ್ಲಿ. ನಮ್ಮ ಕಡೆಯ ಮಳೆ ಗೊತ್ತಲ್ವಾ, ಬೀರುವಿನೊಳಗಿಟ್ಟ ಚಪ್ಪಲಿಗೂ ಬೂಸರು ಬರುತ್ತದೆ. ಕೇಬಲಿನ ಪಿನ್ನುಗಳ ಮೇಲೆ ಕಂದು ಚುಕ್ಕೆ ಕಾಣಿಸಿತು. ಆಯಸ್ಕಾಂತ ಹಿಡಿದು ನೋಡಿದೆ, ಗಟ್ಟಿಯಾಗಿ ಕಚ್ಚಿಕೊಂಡಿತು. ಅಸಲಿ ಪಿನ್ನಿನ ಒಳಗಿನ ಸಂಪರ್ಕ ಹಿತ್ತಾಳೆ ಅಥವಾ ತಾಮ್ರದ ಮಿಶ್ರಲೋಹದ್ದು, ಮೇಲೆ ಬೆಳ್ಳಿಯದೋ ಚಿನ್ನದ್ದೋ ಲೇಪ. ಇದು ಕಬ್ಬಿಣಕ್ಕೆ ಹೊಳಪು ಬಳಿದದ್ದು. ಲೇಪ ಸವೆದ ಕಡೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಪಿನ್ ಅಲುಗಾಡಿದರೆ ಸ್ಪೀಕರಿನಲ್ಲಿ ಕರಕರ.

ಆ ತಿಂಗಳಲ್ಲೇ ಒಂದು ಕೂಟದಲ್ಲಿ ನನ್ನನ್ನು ಇವತ್ತಿಗೂ ಕಾಡುವ ಘಟನೆ ನಡೆಯಿತು. ನಮ್ಮಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವರು, ಇದ್ದಾರೆ. ಆರೋಗ್ಯ ಸರಿ ಇಲ್ಲದೆ ಎರಡು ವರ್ಷ ಮಾತಾಡಿರಲಿಲ್ಲ. ಅವತ್ತು ಮತ್ತೆ ಕೂತಿದ್ದರು. ಸಂವಾದ ಒಳ್ಳೆ ಕಾವಿಗೆ ಬಂದಿತ್ತು, ಎದುರಿನವರು ಕೇಳಿದ ಪ್ರಶ್ನೆಗೆ ಅವರು ಉತ್ತರ ಕಟ್ಟುತ್ತಾ ಇದ್ದರು. ಸರಿಯಾಗಿ ಆ ಹೊತ್ತಿಗೆ ಮೈಕು ಸತ್ತುಹೋಯಿತು. ಹೊರಗೆ ಜಡಿಮಳೆ, ತಗಡಿನ ಮಾಡು. ಅವರ ಮಾತು ಎರಡನೇ ಸಾಲಿಗೂ ಮುಟ್ಟಲಿಲ್ಲ. ನಾನು ಓಡಿಹೋಗಿ ಬೇರೆ ಕೇಬಲ್ ಹಾಕುವಷ್ಟರಲ್ಲಿ ಆ ಎಳೆ ತುಂಡಾಗಿತ್ತು. ಅವರು ನನಗೆ ಏನೂ ಅನ್ನಲಿಲ್ಲ. ಆದರೆ ಆ ಉತ್ತರ ಪೂರ್ತಿಯಾಗಿ ಯಾರಿಗೂ ಸಿಗಲಿಲ್ಲ. ತಾಳಮದ್ದಳೆಯಲ್ಲಿ ಆಡಿದ ಮಾತನ್ನು ಎರಡನೇ ಸಲ ಹಾಗೆಯೇ ಆಡಲು ಬರುವುದಿಲ್ಲ.

ಮರುದಿನ ಆ ಕೇಬಲನ್ನು ಬಿಚ್ಚಿದೆ. ಹೊರಗಿನ ಗುಂಯ್ ಸದ್ದು ಒಳಗೆ ಬರದಂತೆ ತಡೆಯುವ ಸುತ್ತಿನ ಶೀಲ್ಡ್ ಜಾಗದಲ್ಲಿ ಕೂದಲಿನಂತಹ ಹತ್ತಿಪ್ಪತ್ತು ಎಳೆಗಳು ಸುಮ್ನೆ ಸುತ್ತಿಕೊಂಡಿದ್ದವು. ಒಳ್ಳೆಯ ಕೇಬಲಿನಲ್ಲಿ ಅದು ಬಲೆಯ ಹಾಗೆ ಹೆಣೆದಿರುತ್ತದೆ, ಇಲ್ಲವೇ ಸಂದಿಲ್ಲದಂತೆ ಒತ್ತಾಗಿ ಸುತ್ತಿರುತ್ತದೆ. ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬಿಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಹೊದಿಕೆ, ಅಂಗಡಿಯವರು ಸಿಸಿಎ ಅನ್ನುವುದು ಇದನ್ನೇ. ನೀವೂ ಹೀಗೆ ಪರೀಕ್ಷೆ ಮಾಡುವುದಾದರೆ ಒಂದು ವಿಷಯ ನೆನಪಿಡಿ. ಕೆಲವು ಒಳ್ಳೆಯ ತಂತಿಗಳಿಗೆ ತವರದ ಲೇಪ ಇರುತ್ತದೆ. ಅವು ಮೇಲೆ ಬಿಳಿ, ಕೆರೆದರೆ ಒಳಗೆ ಕೆಂಪು. ಅದು ಶುದ್ಧ ತಾಮ್ರವೇ, ಬಿಸಾಡಬೇಡಿ.

ಅಲ್ಯೂಮಿನಿಯಂ ಹಗುರ. ಅದೇ ಗಾತ್ರದ ತಾಮ್ರದ ತೂಕದ ಮೂರನೇ ಒಂದು ಭಾಗದಷ್ಟೂ ಇಲ್ಲ. ಹಾಗಾಗಿ ಕೈಯಲ್ಲಿ ಹಿಡಿದರೇ ಅನುಮಾನ ಬರುತ್ತದೆ. ಮಡಚಿ ಬಿಡಿಸಿ ಮಡಚಿ ಬಿಡಿಸಿ ಮಾಡಿದರೆ ತಾಮ್ರಕ್ಕಿಂತ ಬೇಗ ತುಂಡಾಗುತ್ತದೆ. ಮೈಕ್ ಕೇಬಲಿಗೆ ಪ್ರತಿ ಕೂಟದಲ್ಲೂ ಆಗುವುದು ಅದೇ, ಬಿಡಿಸುವುದು, ಸುತ್ತುವುದು. ಬೆಸುಗೆಯೂ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಕಾವು ಸ್ವಲ್ಪ ಜಾಸ್ತಿ ಆದರೆ ತಾಮ್ರದ ಹೊದಿಕೆ ಸೀಸದಲ್ಲಿ ಕರಗಿಹೋಗಿ ಬರಿ ಅಲ್ಯೂಮಿನಿಯಂ ಉಳಿಯುತ್ತದೆ. ಅದಕ್ಕೆ ಮಾಮೂಲಿ ಸೀಸ ಅಂಟುವುದೇ ಇಲ್ಲ. ನಾನು ರಿಪೇರಿ ಮಾಡಿದ ನಾಲ್ಕು ಕೇಬಲ್‌ಗಳಲ್ಲಿ ಮೂರು, ಒಂದು ತಿಂಗಳೊಳಗೆ ಮತ್ತೆ ಕೈಕೊಟ್ಟವು. ತಾಮ್ರ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಇದ್ದ ಕಡೆ ತೇವ ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಕರಾವಳಿಯವರು ಇದನ್ನು ಗಮನಿಸಲೇಬೇಕು.

ಇನ್ನೊಂದು ತೊಂದರೆ ಹಿಡಿಯಲು ನನಗೆ ಒಂದು ವರ್ಷ ಬೇಕಾಯಿತು. ಹಾಡುವ ಭಾಗವತರ ಮೈಕು ಮತ್ತು ಪಕ್ಕದ ಮದ್ದಳೆಯ ಮೈಕು ಎರಡನ್ನೂ ಏರಿಸಿದರೆ ಮದ್ದಳೆಯ ತುಂಬು ನಾದ ತೆಳ್ಳಗಾಗುತ್ತಿತ್ತು. ಒಂದನ್ನು ಇಳಿಸಿದರೆ ಸರಿ. ಮೈಕಿನ ಜಾಗ ಬದಲಿಸಿದೆ, ಮಿಕ್ಸರಿನ ಗುಂಡಿ ತಿರುಗಿಸಿದೆ. ಮದ್ದಳೆಯವರಿಗೆ ಶ್ರುತಿ ನೋಡಿ ಅಂತಲೂ ಹೇಳಿದೆ. ಅದು ನನ್ನ ತಪ್ಪು, ಅವರಲ್ಲಿ ಆಮೇಲೆ ಕ್ಷಮೆ ಕೇಳಿದೆ. ಕೊನೆಗೆ ಮಲ್ಟಿಮೀಟರ್ ಹಿಡಿದು ಪ್ರತಿ ಕೇಬಲನ್ನೂ ಅಳೆದಾಗ ಗೊತ್ತಾಯಿತು. ಎಕ್ಸ್‌ಎಲ್‌ಆರ್‌ನಲ್ಲಿ 1ನೇ ಪಿನ್ ಶೀಲ್ಡ್, 2 ಮತ್ತು 3 ಸಿಗ್ನಲ್. ಒಂದು ಕೇಬಲಿನಲ್ಲಿ ಒಂದು ತುದಿಯ 2 ಇನ್ನೊಂದು ತುದಿಯ 3ಕ್ಕೆ ಹೋಗಿತ್ತು. ಒಂಟಿ ಮೈಕಿಗೆ ಇದು ತಿಳಿಯುವುದೇ ಇಲ್ಲ. ಎರಡು ಮೈಕು ಒಂದೇ ಸದ್ದನ್ನು ಹಿಡಿದಾಗ ಒಂದು ಇನ್ನೊಂದನ್ನು ಅಳಿಸುತ್ತದೆ, ಮೊದಲು ಹೋಗುವುದು ಮಂದ್ರ. ಹೊಸ ಕೇಬಲ್ ಯಾವುದೇ ಇರಲಿ, ತಂದ ದಿನವೇ ಮೂರೂ ಪಿನ್ ಅಳೆದು ನೋಡಿ. ಎರಡು ನಿಮಿಷದ ಕೆಲಸ.

ಮಿಕ್ಸರಿನಿಂದ ವಿದ್ಯುತ್ ಪಡೆದು ನಡೆಯುವ ಕಂಡೆನ್ಸರ್ ಮೈಕ್ ಬಳಸುವವರಿಗೆ ಇಂಥ ಕೇಬಲ್ ಬೇಡವೇ ಬೇಡ. ಅದೇ ತಂತಿಯಲ್ಲಿ 48 ವೋಲ್ಟ್ ಹೋಗುತ್ತಿರುತ್ತದೆ. ಸಂಪರ್ಕ ತಪ್ಪಿ ಸೇರಿದಾಗ ಸ್ಪೀಕರಿನಲ್ಲಿ ಪಟಾಕಿ ಹೊಡೆದ ಹಾಗೆ ಸದ್ದು ಬರುತ್ತದೆ.

ಸ್ಪೀಕರ್ ತಂತಿಯ ಲೆಕ್ಕವೇ ಬೇರೆ. ಅಲ್ಲಿ ತಂತಿಯ ಗುಣ ನೇರವಾಗಿ ಕೇಳಿಸುತ್ತದೆ. ಸಿಸಿಎಯಲ್ಲಿ ವಿದ್ಯುತ್ ಹರಿಯುವ ಗುಣ ತಾಮ್ರದ ಸುಮಾರು ಶೇ 60ರಿಂದ 65ರಷ್ಟು ಮಾತ್ರ. 20 ಮೀಟರ್ ದೂರಕ್ಕೆ 1 ಚದರ ಮಿಲಿಮೀಟರಿನ ಸಿಸಿಎ ಎಳೆದರೆ, ಹೋಗುವ ಬರುವ ತಂತಿ ಸೇರಿ 1.1 ಓಮ್ ಹತ್ತಿರ ಆಗುತ್ತದೆ. 4 ಓಮ್ ಸ್ಪೀಕರ್ ಇದ್ದರೆ ಅದಕ್ಕೆ ಮುಟ್ಟಬೇಕಾದ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಖೋತಾ. ಅದೇ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರ ಹಾಕಿದರೆ 0.3 ಓಮ್ ಕೂಡ ಆಗುವುದಿಲ್ಲ. ಇದಕ್ಕೆ ದುಬಾರಿ ಸ್ಪೀಕರ್ ಕೇಬಲ್ ಬೇಕು ಅಂತೇನೂ ಇಲ್ಲ. ನಾನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ಐಎಸ್‌ಐ ಗುರುತಿನ ಎರಡು ಎಳೆಯ ಮೆತ್ತನೆ ತಾಮ್ರದ ವೈರ್ ಹಾಕಿದ್ದೇನೆ. ನನಗೆ ಅದರಲ್ಲಿ ಒಂದು ಕೊರತೆಯೂ ಕಂಡಿಲ್ಲ.

ಮನೆಯ ಟಿವಿಯಿಂದ ಸ್ಪೀಕರಿಗೆ ಒಂದು ಮೀಟರ್ ಆರ್‌ಸಿಎ ಕೇಬಲ್ ಬೇಕಿದ್ದರೆ ಕಡಿಮೆ ಬೆಲೆಯದ್ದೇ ತೆಗೆದುಕೊಳ್ಳಿ. ಒಮ್ಮೆ ಸಿಕ್ಕಿಸಿದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಆಪ್ಟಿಕಲ್ ಕೇಬಲಿಗೂ ಇದೇ ಮಾತು.

ನನ್ನ ಸಿಟ್ಟು ಕಡಿಮೆ ಬೆಲೆಯ ಮೇಲಲ್ಲ. ದೊಡ್ಡ ಹೆಸರು ಹಾಕಿಕೊಳ್ಳದೆ, ತನ್ನದೇ ಸಣ್ಣ ಹೆಸರಿನಲ್ಲಿ ತಾಮ್ರದ ತಂತಿ ಮಾರುವ ತಯಾರಕರು ಇದ್ದಾರೆ. ಅಂಥ ಒಂದು ಲೋಕಲ್ ಕೇಬಲ್ ನನ್ನ ಹತ್ತಿರ ಆರು ವರ್ಷದಿಂದ ಇದೆ, ಚೆನ್ನಾಗಿದೆ. ಬೇರೆಯವರ ಹೆಸರು ಅಚ್ಚು ಹಾಕಿದವನು ಕೈಗೆ ಸಿಗುವುದಿಲ್ಲ. ಕೇಬಲ್ ಕೆಟ್ಟರೆ ಕೇಳುವುದು ಯಾರನ್ನು?

ಲೆಕ್ಕ ಹೇಳುತ್ತೇನೆ. 12 ಕೇಬಲಿಗೆ ಕೊಟ್ಟದ್ದು 2,160 ರೂಪಾಯಿ. ಮೊದಲ ವರ್ಷ ಮೂರು ಹೋದವು, ಎರಡನೇ ಮಳೆಗಾಲ ಮುಗಿಯುವಾಗ ಒಟ್ಟು ಏಳು. 2025ರ ಮಳೆಗಾಲ ಮುಗಿಯುವಾಗ ಉಳಿದದ್ದು ಎರಡು. ನಡುವೆ ಹಂತ ಹಂತವಾಗಿ ತಾಮ್ರದ ಕೇಬಲ್ ಮೀಟರ್ ಲೆಕ್ಕದಲ್ಲಿ ತಂದು, ಅಸಲಿ ಪಿನ್ ಹಾಕಿ ನಾನೇ ಬೆಸೆದೆ. ಒಂದಕ್ಕೆ 900 ರೂಪಾಯಿ ಹತ್ತಿರ ಬಿತ್ತು. ಎಂಟು ಮಾಡಿದ್ದೇನೆ. ಮೊದಲು ಮಾಡಿದ್ದಕ್ಕೆ ಈಗ ಮೂರು ವರ್ಷ, ಒಂದೂ ಕೆಟ್ಟಿಲ್ಲ. ಒಂದೇ ಸಲಕ್ಕೆ ದುಡ್ಡು ಹೊಂದಿಸಲು ಆಗದ ಬಳಗದವರು ಹೀಗೆ ಕೂಟಕ್ಕೊಂದರಂತೆ ಮಾಡಿಕೊಳ್ಳಬಹುದು. ಮೊದಲನೆಯದನ್ನು ಭಾಗವತರಿಗೆ ಕೊಡಿ.

ಉಳಿದ ಎರಡು ನಕಲಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಒಂದು ನಮ್ಮ ಮನೆಯ ಚಾವಡಿಯಲ್ಲಿ, ಅಭ್ಯಾಸದ ಮೈಕಿಗೆ. ಇನ್ನೊಂದು ಮಕ್ಕಳು ಬೆಸುಗೆ ಕಲಿಯಲು. ಕೂಟಕ್ಕೆ ಹೋಗುವ ಚೀಲದೊಳಗೆ ಕೆಂಪು ಟೇಪಿನದ್ದು ಬರಬಾರದು ಅಂತ ಮನೆಯವರಿಗೂ ಹೇಳಿಟ್ಟಿದ್ದೇನೆ.