ಕರೆಂಟ್ ದರದ ಕೇಸು ನಡೆಸಿದವರಿಗೆ ಖರ್ಚು ವಾಪಸ್: ಕ್ಯಾಲಿಫೋರ್ನಿಯಾದ ಏರ್ಪಾಡು ಹೇಗಿದೆ?

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ದುಡ್ಡು ಬರುವ ತಡಕ್ಕೆ, ಅದನ್ನು ಆಮೇಲೆ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕರೆಂಟ್, ಗ್ಯಾಸ್ ಕಂಪನಿಗಳು ದರ ಏರಿಸಬೇಕಾದರೆ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ (ದರ ಒಪ್ಪುವ ರಾಜ್ಯದ ನಿಯಂತ್ರಣ ಸಂಸ್ಥೆ) ಮುಂದೆ ಕೇಸು ನಡೆಯಬೇಕು. ಅಲ್ಲಿ ಗ್ರಾಹಕರ ಪರ ನಿಂತ ಗುಂಪುಗಳಿಗೆ ವಕೀಲರ ಫೀಸು, ಎಕ್ಸ್‌ಪರ್ಟ್‌ಗಳ ಫೀಸು ವಾಪಸ್ ಕೊಡುವುದಕ್ಕೆ ಇಂಟರ್ವೀನರ್ ಕಾಂಪೆನ್ಸೇಶನ್ ಅಂತ ಹೆಸರು. 1980ರ ದಶಕದಿಂದ ಇದು ಕಾನೂನಿನಲ್ಲೇ ಇದೆ. ನಾನು ಇಂಥ ಒಂದು ಸಣ್ಣ ಗುಂಪಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕ್ಲೇಮ್ ತುಂಬುವವಳು ನಾನೇ.

ಇದು ಯಾಕೆ ಬೇಕು? ಒಂದು ಮನೆಯ ಬಿಲ್ಲಿನಲ್ಲಿ ತಿಂಗಳಿಗೆ ನಾಲ್ಕೈದು ಡಾಲರ್ ಏರಿದರೆ ಅದಕ್ಕಾಗಿ ಯಾರೂ ವಕೀಲರನ್ನು ಇಡುವುದಿಲ್ಲ. ಆದರೆ ಲಕ್ಷಾಂತರ ಮನೆಗಳಿಗೆ ಸೇರಿಸಿದರೆ ಅದು ದೊಡ್ಡ ಮೊತ್ತ, ಮತ್ತು ಕಂಪನಿ ಸಲ್ಲಿಸುವ ಸಾವಿರಾರು ಪುಟ ಕೂತು ಓದಿ, ಈ ಸಬ್‌ಸ್ಟೇಷನ್ ಖರ್ಚು ಯಾಕೆ ಇಷ್ಟು ಅಂತ ಕೇಳಲು ತಿಳಿದವರೇ ಬೇಕು. "ಕೊನೆಗೆ ಇದೂ ನಮ್ಮ ಬಿಲ್ಲಿಗೇ ಬರುತ್ತದಲ್ವಾ" ಅಂತ ಕೆಲವರು ಕೇಳುತ್ತಾರೆ. ಹೌದು, ಬರುತ್ತದೆ. ಕಂಪನಿ ಕೊಡುತ್ತದೆ, ಆಮೇಲೆ ಗ್ರಾಹಕರಿಂದ ವಸೂಲಿ ಮಾಡುತ್ತದೆ. ಆದರೆ ಕೇಸು ನಡೆಸಲು ಕಂಪನಿ ಇಟ್ಟ ವಕೀಲರ ಖರ್ಚೂ ಅದೇ ಬಿಲ್ಲಿನಲ್ಲೇ ಸೇರಿರುತ್ತದೆ. ಆ ಕಡೆಯ ವಕೀಲರಿಗೆ ನಾವು ಕೊಡುತ್ತಲೇ ಇದ್ದೇವೆ, ನಮ್ಮ ಕಡೆಯವರಿಗೂ ಕೊಟ್ಟರೆ ತಪ್ಪೇನು?

ನನಗೆ ತುಂಬಾ ಹಿಡಿಸಿದ್ದು ಒಂದು ನಿಯಮ. ಪೂರ್ತಿ ಗೆಲ್ಲಬೇಕಿಲ್ಲ. ನಮ್ಮ ಒಂದು ವಾದವನ್ನು, ಒಂದು ಸಲಹೆಯನ್ನು ಕಮಿಷನ್ ಭಾಗಶಃ ಒಪ್ಪಿದರೂ ದುಡ್ಡು ಕೇಳಬಹುದು. ಗಂಟೆಗೆ ಮಾರುಕಟ್ಟೆ ದರ. ಪ್ರಯಾಣಕ್ಕೆ, ಕ್ಲೇಮ್ ಬರೆಯುವ ಗಂಟೆಗಳಿಗೆ ಮಾತ್ರ ಅರ್ಧ ದರ. ಸರ್ಕಾರಿ ಸಂಸ್ಥೆಗಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಕೆಲಸ ಮಾತ್ರ ಸುಲಭ ಅಲ್ಲ. ಕೇಸಿನ ಮೊದಲ ಸಭೆ ಆದ 30 ದಿನದೊಳಗೆ, ನಾವು ಕ್ಲೇಮ್ ಮಾಡುತ್ತೇವೆ ಅಂತ ಅಂದಾಜು ಗಂಟೆಗಳ ಸಮೇತ ನೋಟಿಸ್ ಕೊಡಬೇಕು. ಅಂತಿಮ ತೀರ್ಪು ಬಂದ 60 ದಿನದೊಳಗೆ ಪೂರ್ತಿ ಕ್ಲೇಮ್ ಹೋಗಬೇಕು. ಫಾರಂನಲ್ಲಿ ಒಂದು ಕಾಲಂನಲ್ಲಿ ನಾವು ಏನು ವಾದ ಮಾಡಿದೆವು, ಪಕ್ಕದಲ್ಲಿ ಅದು ಯಾವ ಪುಟದಲ್ಲಿದೆ, ತೀರ್ಪಿನ ಯಾವ ಪುಟದಲ್ಲಿ ಅದನ್ನು ಒಪ್ಪಿದ್ದಾರೆ, ಅದರ ಪಕ್ಕ ಕಮಿಷನ್ ಬರೆಯಲು ಖಾಲಿ ಕಾಲಂ. ಮೊದಲ ಸಲ ನಮ್ಮ ಟೈಮ್‌ಶೀಟ್‌ನಲ್ಲಿ "ದಾಖಲೆ ಓದಿದ್ದು, 6 ಗಂಟೆ" ಅಂತಷ್ಟೇ ಇತ್ತು. ಯಾವ ವಿಷಯಕ್ಕೆ ಎಷ್ಟು ಗಂಟೆ ಅಂತ ಬಿಡಿಸಿ ಹೇಳಬೇಕು ಅಂತ ನಮಗೆ ಆಗ ಅರಿವಿರಲಿಲ್ಲ. ಎರಡು ವರ್ಷ ಹಿಂದಿನ ಇಮೇಲ್ ಹುಡುಕಿ ಹುಡುಕಿ ಒಂದೊಂದು ಗಂಟೆಯನ್ನೂ ಜೋಡಿಸಿದೆವು. ಕೆಲವು ಗಂಟೆಗಳಿಗೆ ಆಧಾರವೇ ಸಿಗಲಿಲ್ಲ, ಬಿಟ್ಟೆವು. ಮಾಡಿದ ಕೆಲಸ ಕೈಬಿಟ್ಟಾಗ ಹೊಟ್ಟೆ ಉರಿಯಿತು. ಆದರೂ ಈ ಕಟ್ಟುನಿಟ್ಟು ಬೇಕು ಅಂತಲೇ ಹೇಳುತ್ತೇನೆ, ಇದು ಜನರ ದುಡ್ಡು.

ಈಗ ತಡದ ವಿಷಯ. ಕ್ಲೇಮ್ ಕೊಟ್ಟ 75 ದಿನದೊಳಗೆ ಕಮಿಷನ್ ತೀರ್ಮಾನಿಸಬೇಕು ಅಂತ ಕಾನೂನಿದೆ. ಆ ಗಡುವು ತಪ್ಪುತ್ತಿದೆ ಅಂತ ರಾಜ್ಯದ ಆಡಿಟರೇ 2013ರಲ್ಲಿ ವರದಿ ಕೊಟ್ಟರು. ತಡವಾದರೆ ಬಡ್ಡಿ ಸೇರುತ್ತದೆ, ನಿಜ. ಆದರೆ ಬಡ್ಡಿ ಬರುತ್ತದೆ ಅಂತ ಎಕ್ಸ್‌ಪರ್ಟ್ ಎರಡು ವರ್ಷ ಸಂಬಳ ಇಲ್ಲದೆ ಕೂರುತ್ತಾರಾ? ಗಡುವು ಪಾಲಿಸಿದರೂ ಮೂಲ ತೊಂದರೆ ಹೋಗುವುದಿಲ್ಲ. ದರದ ದೊಡ್ಡ ಕೇಸೇ ವರ್ಷಗಟ್ಟಲೆ ಎಳೆಯುತ್ತದೆ, ಅಲ್ಲಿಯವರೆಗೆ ಎಲ್ಲ ಖರ್ಚೂ ನಮ್ಮ ಕೈಯಿಂದ. ಬ್ಯಾಂಕಿನಲ್ಲಿ ದುಡ್ಡಿರುವ ಹಳೆಯ ಗುಂಪುಗಳು ತಡೆದುಕೊಳ್ಳುತ್ತವೆ. ಒಂದು ಬಡಾವಣೆಯ ಬಾಡಿಗೆದಾರರು ಸೇರಿ ಕಟ್ಟಿದ ಗುಂಪು ಒಳಗೆ ಬರುವುದೇ ಇಲ್ಲ.

ಪಕ್ಕದ ಒರೆಗಾನ್‌ನಲ್ಲಿ 2003ರ ಕಾನೂನಿನಡಿ ಗುಂಪುಗಳು ಮೊದಲೇ ಬಜೆಟ್ ಕೊಟ್ಟು, ಒಪ್ಪಿಗೆಯಾದ ಹಣದಲ್ಲಿ ಒಂದು ಪಾಲನ್ನು ಮುಂಗಡವಾಗಿ ಪಡೆಯುವ ದಾರಿ ಇದೆ. ಅಷ್ಟು ಇಲ್ಲೂ ಆದರೆ ಐದನೇ ಸ್ಟಾರ್ ಈಗಲೇ ಕೊಡುತ್ತೇನೆ. ಅಲ್ಲಿಯವರೆಗೆ ಹೊಸದಾಗಿ ಬರುವ ಗುಂಪುಗಳಿಗೆ ಒಂದೇ ಮಾತು: ಟೈಮ್‌ಶೀಟನ್ನು ಅವತ್ತಿನದು ಅವತ್ತೇ, ವಿಷಯದ ಹೆಸರು ಹಾಕಿ ಬರೆಯಿರಿ.