ಗುತ್ತಿನ ಮನೆಯ ಜಮಾ-ಖರ್ಚು

ಉಡುಪಿ ಸಮೀಪದ ಈ ಹಳೆಯ ಗುತ್ತಿನ ಮನೆಯನ್ನು, ಅಂದರೆ ತುಳುನಾಡಿನ ಜಮೀನ್ದಾರಿ ಮನೆತನದ ದೊಡ್ಡ ಮನೆಯನ್ನು, ಸ್ವಯಂಸೇವಕರೇ ನಡೆಸುತ್ತಾರೆ. ಟಿಕೆಟ್ 50 ರೂಪಾಯಿ. ಚಾವಡಿಯ ಹಲಸಿನ ಕಂಬಗಳನ್ನು ಎಲ್ಲರೂ ಹೊಗಳುತ್ತಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸವೆದ ನಾನು ಗೋಡೆಗೆ ಅಂಟಿಸಿದ್ದ ಜಮಾ-ಖರ್ಚಿನ ಹಾಳೆಯ ಮುಂದೆ ನಿಂತೆ. ಹಂಚು, ಗೆದ್ದಲು, ಮತ್ತೆ ಹಂಚು! ನಮ್ಮ ಮಳೆ ಬಲ್ಲವರಿಗೆ ಅಚ್ಚರಿಯಿಲ್ಲ. ಆದರೆ ಛಾವಣಿಗೆಂದೇ ಬಂದ ದೇಣಿಗೆಯನ್ನು ವಿದ್ಯುತ್ ಬಿಲ್ಲಿನ ಹಣದೊಂದಿಗೆ ಬೆರೆಸಿದ್ದು ತಪ್ಪು. ಹೇಳಿದೆ. ಖಜಾಂಚಿ ಅಕ್ಕ ನಕ್ಕು, “ನೀವೇ ಬಂದು ಬರೆದುಕೊಡಿ ಮಾರಾಯರೇ” ಎಂದರು. ದೇಣಿಗೆಯೆಂದು 5,000 ರೂಪಾಯಿ ನಗದು ಚಾಚಿದಾಗ ಅವರೇ ತಡೆದರು: 2,000 ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗದು, ಚೆಕ್ ಕೊಡಿ ಎಂದು. ರಸೀದಿ ಕೂಡಲೇ ಸಿಕ್ಕಿತು. ಶೌಚಾಲಯದ ಚಿಲಕ ಮಾತ್ರ ಬೀಳುವುದಿಲ್ಲ. ಶನಿವಾರ ಲೆಡ್ಜರ್ ನೋಡಲು ಹೋಗುತ್ತಿದ್ದೇನೆ.