ಮಗುವಿಗೆ ಕಥೆ ಓದಲು ಪುಸ್ತಕವೋ, ಫೋನೋ?

ಮೂರು ವರ್ಷದ ಮಗುವಾದರೆ ನನ್ನ ಓಟು ಅಚ್ಚಿನ ಪುಸ್ತಕಕ್ಕೇ. ಮಗು ತಾನೇ ಪುಟ ತಿರುಗಿಸುತ್ತದೆ, ಆನೆಯ ಬಾಲಕ್ಕೆ ಬೆರಳಿಟ್ಟು "ಇದೆಂಥದು?" ಎನ್ನುತ್ತದೆ. ಅಲ್ಲೇ ನಿಲ್ಲಿ, ಮಾತಾಡಿ. ಕಥೆ ಮುಗಿಯದಿದ್ದರೂ ಅಡ್ಡಿಯಿಲ್ಲ. ಸಾಲಿನ ಕೆಳಗೆ ಬೆರಳು ಓಡಿಸಿದರೆ ಓದು ಎಡದಿಂದ ಬಲಕ್ಕೆ ಸಾಗುವುದೂ ಗೊತ್ತಾಗುತ್ತದೆ. ಫೋನಿನಲ್ಲಾದರೆ "ಅದನ್ನು ಒತ್ತಬೇಡ" ಎನ್ನುವುದೇ ಜಾಸ್ತಿ, ಅಲ್ವಾ?

ಆದರೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದಲ್ಲಿ ಕೂತವರಿಗೆ ಫೋನಿನಿಂದ ಒಂದು ಲಾಭವಿದೆ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಪ್ರಿಂಟ್ ತೆಗೆಸಿದರೆ ಅದೂ ಪುಸ್ತಕವೇ. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಕನ್ನಡದಲ್ಲಿ ಓದಿ, ಹರಟೆ ಮನೆಮಾತಿನಲ್ಲೇ ಇರಲಿ. ತಾನಾಗಿ ಓದುವ ವೀಡಿಯೊಗಳಾ? ಬಸ್ಸಿನಲ್ಲಿ ಹಠ ಮಾಡಿದಾಗ ಸಾಕು.